ಆಷಾಢದಲ್ಲಿ ಓಡುವ ಮೋಡ, ಭಾದ್ರಪದದಲ್ಲಿ ನಿಲ್ಲುವ ಮೋಡ: ವಿಜಯಪುರ ಸೀಮೆಯ ಮಳೆಯ ಲೆಕ್ಕ

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ರೈತ. ಜುಲೈನಲ್ಲಿ ಖಾನಾಪುರದ ಕಡೆ ಮಳೆ ಸುರಿದು ಕೃಷ್ಣೆಗೆ ಮಹಾಪೂರ ಬರುವ ಹೊತ್ತಿಗೆ ನಮ್ಮಲ್ಲಿ ಮೋಡ ಬಂದು ಬಂದು ಹೋಗುತ್ತದೆ, ಹೆಸರು ಬೆಳೆ ಹೂವಿನಲ್ಲೇ ಒಣಗುತ್ತದೆ. ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿಗೆ ಬದು ಒಡೆಯುವಷ್ಟು ಮಳೆ. ವರ್ಷದ ಕೊನೆಗೆ ಮಾತ್ರ ‘ವಾಡಿಕೆ ಮಳೆ ಆಗಿದೆ’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಮನೆಯ ಮುಂದಿನ ಬೇವಿನ ಮರದಡಿ ಡಬ್ಬಿಯಿಟ್ಟು ಎಂಟು ವರ್ಷದಿಂದ ಮಳೆ ಅಳೆದು ವಹಿಯಲ್ಲಿ ಬರೆದಿದ್ದೇನೆ. ನನ್ನ ಅಂಕಿಗೂ ಹೋಬಳಿಯ ಅಂಕಿಗೂ ತಾಳೆಯಾಗುವುದೇ ಇಲ್ಲ. ಇದಕ್ಕೆಲ್ಲ ಕಾರಣವೇನು? ಎಲ್ ನಿನೊ ವರ್ಷವೆಂದರೆ ಬರವೆಂದೇ ತಿಳಿಯಬೇಕೆ?

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆಗಳಾದರೂ ಅವುಗಳ ಬೇರು ಒಂದೇ ಕಡೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದದ್ದನ್ನೆಲ್ಲ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಎಂಬ ಒಂದೇ ಖಾತೆಗೆ ಬರೆಯುತ್ತಾರೆ. ಆದರೆ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಳೆಯೂ ನಿಮ್ಮ ಇಂಡಿಯ ಮಳೆಯೂ ಹುಟ್ಟಿನಿಂದಲೇ ಬೇರೆ. ಅಲ್ಲಿಯದು ಗಾಳಿ ಗುಡ್ಡಕ್ಕೆ ಬಡಿದು ಸುರಿಯುವ ಮಳೆ, ನಿಮ್ಮದು ನೆಲದಿಂದ ಎದ್ದ ಗುಡುಗುಮೋಡ ಸುರಿಸುವ ಮಳೆ. ಪಡುವಣ ಗಾಳಿ ಜೋರಾದಷ್ಟೂ ಮೊದಲನೆಯದು ಹೆಚ್ಚುತ್ತದೆ, ಎರಡನೆಯದಕ್ಕೆ ಅದೇ ಗಾಳಿ ಅಡ್ಡಿಯಾಗುತ್ತದೆ. ನಿಮ್ಮ ಉಳಿದ ಸಂಶಯಗಳೆಲ್ಲ ಇಲ್ಲಿಂದ ಬಿಚ್ಚಿಕೊಳ್ಳುತ್ತವೆ.

ಜುಲೈನಲ್ಲಿ ಅರಬ್ಬಿ ಸಮುದ್ರದ ಮೇಲಿಂದ ಬರುವ ಗಾಳಿ ನೆಲಮಟ್ಟದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತ್ಯಂತ ಬಿರುಸಾಗಿರುತ್ತದೆ. ಗಂಟೆಗೆ 50 ಕಿಲೋಮೀಟರ್ ಮೀರಿದ ವೇಗ ಅದಕ್ಕೆ ಸಾಮಾನ್ಯ. ನೀರಾವಿ ತುಂಬಿದ ಈ ಗಾಳಿಗೆ ಸಹ್ಯಾದ್ರಿ ಅಡ್ಡಗೋಡೆಯಾಗುತ್ತದೆ. ಏರಲೇಬೇಕು, ಏರಿದರೆ ತಣಿಯಲೇಬೇಕು, ತಣಿದರೆ ಹೊತ್ತ ನೀರನ್ನು ಅಲ್ಲೇ ಇಳಿಸಬೇಕು. ಬೆಳಗಾವಿಗೆ ಸಮೀಪದ ಆಂಬೋಲಿ ಘಟ್ಟದಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸಿನ ಮಳೆ, ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ 5000 ಮೀರಿದ ವರ್ಷಗಳು ಅಪರೂಪವಲ್ಲ. ಘಟ್ಟದಿಂದ ಪೂರ್ವಕ್ಕೆ ನಡೆದಂತೆ ಈ ಅಂಕಿ ಇಳಿಯುವ ರೀತಿ ಕಡಿದಾದ ಮೆಟ್ಟಿಲಿನಂತಿದೆ. ಬೆಳಗಾವಿ ನಗರಕ್ಕೆ ಬರುವಷ್ಟರಲ್ಲಿ ಅದು 1200 ಮಿಲಿಮೀಟರ್ ಚಿಲ್ಲರೆಗೆ ಬಂದಿರುತ್ತದೆ, ಗೋಕಾಕ ದಾಟಿದರೆ 600ರ ಕೆಳಗೆ. ಅಲ್ಲಿಂದ ಬಾಗಲಕೋಟೆ, ವಿಜಯಪುರಗಳವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ನಡೆದರೂ ಮತ್ತೆ ಹೆಚ್ಚೇನೂ ಇಳಿಯುವುದಿಲ್ಲ. ಗೋಕಾಕದಾಚೆಯ ನೆಲಕ್ಕೆ ಘಟ್ಟದ ಮಳೆಯ ಪಾಲು ಮುಗಿದೇ ಹೋಗಿರುತ್ತದೆ. ಅಲ್ಲಿಂದ ಮುಂದಿನ 550–600 ಮಿಲಿಮೀಟರ್ ಬೇರೆ ಮೂಲದಿಂದ ಬರುವಂಥದ್ದು.

ಮಳೆ ನೆರಳು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಘಟ್ಟದ ಈಚೆ ಗಾಳಿ ಇಳಿಯುತ್ತದೆ, ಇಳಿದಾಗ ಬಿಸಿಯಾಗುತ್ತದೆ, ಬಿಸಿಯಾದ ಗಾಳಿಯಲ್ಲಿ ಮೋಡ ಕರಗುತ್ತದೆ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಇದು ಸರಿಯೇ, ಆದರೆ ಅರ್ಧ ಮಾತ್ರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್, ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿವೆ. ನೂರೈವತ್ತು ಮೀಟರ್ ಇಳಿಜಾರು ಅಷ್ಟು ದೊಡ್ಡ ಕೆಲಸ ಮಾಡಲಾರದು. ಉಳಿದರ್ಧವನ್ನು ನೀವು ಹೊಲದಲ್ಲೇ ನೋಡಿದ್ದೀರಿ. ಜುಲೈನಲ್ಲಿ, ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಬೆಳಿಗ್ಗೆಯೇ ಪಡುವಣದಿಂದ ಬೂದು ಮೋಡಗಳ ಸಾಲು ಬರುತ್ತದೆ, ತಲೆಯ ಮೇಲೆ ಓಡುತ್ತದೆ, ಮುಖಕ್ಕೆ ನಾಲ್ಕು ಹನಿ ಸಿಡಿಸಿ ಮೂಡಣಕ್ಕೆ ಹೋಗಿಬಿಡುತ್ತದೆ. ಜೋಳದ ಗರಿಗಳೆಲ್ಲ ಒಂದೇ ದಿಕ್ಕಿಗೆ ಬಾಗಿರುತ್ತವೆ, ಮಣ್ಣಿನ ಮೇಲ್ಪದರ ಮಾತ್ರ ತೊಯ್ದು ಮಧ್ಯಾಹ್ನಕ್ಕೆ ಮತ್ತೆ ಒಣಗುತ್ತದೆ. ಈ ಮೋಡಗಳು ತೆಳುವಾದವು. ಕೆಳಗೆ ಪಡುವಣ ಗಾಳಿ ಅವುಗಳನ್ನು ಪೂರ್ವಕ್ಕೆ ತಳ್ಳುತ್ತಿದ್ದರೆ, ಮೇಲೆ 14–16 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 100 ಕಿಲೋಮೀಟರ್ ಮೀರಿ ಹರಿಯುವ ಮೂಡಣದ ವಾಯುಪ್ರವಾಹ ಅದಕ್ಕೆ ತೀರ ಎದುರು ದಿಕ್ಕಿನಲ್ಲಿರುತ್ತದೆ. ಬುಡ ಒಂದು ಕಡೆಗೂ ತುದಿ ಇನ್ನೊಂದು ಕಡೆಗೂ ಎಳೆದಾಡುವಾಗ ಮೋಡ ಗೋಪುರದಂತೆ ನೆಟ್ಟಗೆ ಬೆಳೆಯುವುದು ಕಷ್ಟ. ಬೆಳೆಯದ ಮೋಡ ತುಂತುರು ಕೊಡಬಲ್ಲದು, ಮಳೆ ಕೊಡಲಾರದು. ಗುರ್ಜಿ ಆಡಿ ಮಳೆ ಬೇಡುವ ದಿನಗಳು ನಮ್ಮ ಕಡೆ ಬಹುಮಟ್ಟಿಗೆ ಈ ಜೋರುಗಾಳಿಯ ವಾರಗಳಲ್ಲೇ ಬರುವುದು ಕಾಕತಾಳೀಯವೇನಲ್ಲ.

ಈಗ ಸೆಪ್ಟೆಂಬರ್‌ಗೆ ಬನ್ನಿ. ವಿಜಯಪುರದ ಸರಾಸರಿಯಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಇದೇ. ಬೆಳಗಾವಿಯ ಪಟ್ಟ ಜುಲೈಗೆ ಸಲ್ಲುತ್ತದೆ. ಹುಬ್ಬಾ ಕಳೆದು ಉತ್ತರಾ ಕೂಡುವ ಹೊತ್ತಿಗೆ ಪಡುವಣ ಗಾಳಿಯ ಕಸುವು ಇಳಿದಿರುತ್ತದೆ, ಬಂಗಾಳಕೊಲ್ಲಿಯ ತೇವದ ಗಾಳಿ ಆಗೀಗ ಮೂಡಣದಿಂದ ಒಳಸೇರುತ್ತದೆ, ಮೋಡದ ಬೂದು ಹೊದಿಕೆ ಹರಿದು ಬಿಸಿಲು ನೆಲವನ್ನು ಕಾಯಿಸುತ್ತದೆ. ಇಂಥ ದಿನದ ಗುರುತು ಹೇಳುತ್ತೇನೆ. ಬೆಳಿಗ್ಗೆ ಗಾಳಿ ಸತ್ತಿರುತ್ತದೆ, ಒಲೆಯ ಹೊಗೆ ನೆಟ್ಟಗೆ ಏಳುತ್ತದೆ, ಹನ್ನೊಂದಕ್ಕೆಲ್ಲ ಮೈ ಜಿಗುಟಾಗಿ ಧಗೆ ತಡೆಯಲಾಗುವುದಿಲ್ಲ. ಎರಡು ಗಂಟೆಯ ಸುಮಾರಿಗೆ ದಿಗಂತದಲ್ಲಿ ಹೂಕೋಸಿನಂಥ ಬಿಳಿ ಮೋಡಗಳು ಅಂಚು ಚೂಪಾಗಿ ಮೇಲೇಳುತ್ತವೆ, ನಾಲ್ಕರ ಹೊತ್ತಿಗೆ ಅವುಗಳಲ್ಲೊಂದರ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡುತ್ತದೆ. ಆ ನೆತ್ತಿ 12ರಿಂದ 15 ಕಿಲೋಮೀಟರ್ ಎತ್ತರದಲ್ಲಿರಬಹುದು. ಮುಂದೆ ಮೊದಲು ಬರುವುದು ಮಳೆಯಲ್ಲ, ತಣ್ಣನೆಯ ಗಾಳಿ ಮತ್ತು ಧೂಳು: ಮೋಡದೊಳಗಿನಿಂದ ಕೆಳಗೆ ಬಿದ್ದ ತಂಪು ಗಾಳಿ ನೆಲಕ್ಕೆ ಬಡಿದು ಸುತ್ತಲೂ ಚೆಲ್ಲಿಕೊಂಡದ್ದು. ಅದರ ಹಿಂದೆಯೇ ದಪ್ಪ ಹನಿಗಳು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಆ ಮುಕ್ಕಾಲು ಗಂಟೆ ಜುಲೈನ ಇಡೀ ತಿಂಗಳಿಗಿಂತ ಹೆಚ್ಚು ನೀರು ಕೊಟ್ಟುಹೋಗಿರಬಹುದು.

ಇಂಥ ಒಂದು ಮೋಡದ ಅಗಲ ಐದರಿಂದ ಹತ್ತು ಕಿಲೋಮೀಟರ್. ನಿಮ್ಮ ಡಬ್ಬಿಗೂ ಹೋಬಳಿಯ ಮಾಪಕಕ್ಕೂ ತಾಳೆಯಾಗದಿರುವುದಕ್ಕೆ ಮೊದಲ ಕಾರಣ ಇಲ್ಲಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದೇ ತೋಟದ ಎರಡು ತುದಿಗಳಲ್ಲಿ ಎರಡು ಮಳೆಮಾಪಕ ಇಟ್ಟಿದ್ದರು, ನಡುವೆ ಒಂದೂವರೆ ಕಿಲೋಮೀಟರ್ ಇದ್ದೀತು. ಒಂದು ಚಿತ್ತಾ ಮಳೆಯ ಮರುದಿನ ಬೆಳಿಗ್ಗೆ ನೋಡಿದರೆ ಒಂದರ ನೀರನ್ನು ಅಳತೆಯ ಗಾಜಿಗೆ ಮತ್ತೆ ಮತ್ತೆ ತುಂಬಿಸಿ ಅಳೆಯಬೇಕಾಯಿತು, ಇನ್ನೊಂದರ ತಳ ಬರೀ ಒದ್ದೆಯಾಗಿತ್ತು. ಮಾಪಕ ಕೆಟ್ಟಿದೆಯೆಂದೇ ತಿಳಿದು ಬಿಚ್ಚಿ ನೋಡಿದೆ. ಕೆಟ್ಟಿರಲಿಲ್ಲ. ಎತ್ತಿನ ಒಂದು ಕೋಡು ತೊಯ್ದು ಇನ್ನೊಂದು ಒಣಗಿಯೇ ಉಳಿಯಿತು ಎಂಬಂಥ ಮಳೆ ಅದು. ಘಟ್ಟದಲ್ಲಿ ಹೀಗಾಗುವುದು ಕಡಿಮೆ. ಅಲ್ಲಿ ಗುಡ್ಡ ಕದಲುವುದಿಲ್ಲ, ಆದ್ದರಿಂದ ಮಳೆಯೂ ವರ್ಷವರ್ಷಕ್ಕೆ ಹೆಚ್ಚು ಕದಲುವುದಿಲ್ಲ. ಬಯಲುಸೀಮೆಯಲ್ಲಿ ಮೋಡ ಎಲ್ಲಿ ಏಳಬೇಕೆಂದು ಹೇಳಿಕೊಡುವ ಗುಡ್ಡವೇ ಇಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳು ಬಂದ ಮೇಲೆ ಈ ಚದುರುವಿಕೆ ಕಾಗದದ ಮೇಲೂ ಕಾಣತೊಡಗಿದೆ.

ಬಿಡಿ ಮೋಡಗಳ ಆಟ ಇಷ್ಟಾಯಿತು. ನಿಮ್ಮ ಜಿಲ್ಲೆಗೆ ಕೆರೆ ತುಂಬಿಸುವ ಮಳೆ ಬರುವುದು ಈ ಮೋಡಗಳು ನೂರಾರು ಕಿಲೋಮೀಟರ್ ಅಗಲಕ್ಕೆ ಒಟ್ಟುಗೂಡಿದಾಗ. ಹಾಗೆ ಕೂಡಿಸುವುದು ಬಂಗಾಳಕೊಲ್ಲಿಯಲ್ಲಿ ಹುಟ್ಟುವ ಗಾಳಿಯ ಸುಳಿಗಳು. ಪತ್ರಿಕೆಗಳು ಎಲ್ಲವನ್ನೂ ‘ವಾಯುಭಾರ ಕುಸಿತ’ ಎಂದು ಬರೆಯುತ್ತವೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ಮುಟ್ಟುವವರೆಗೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ, 31ರಿಂದ 49 ಇದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ. ಈ ದರ್ಜೆಗಳಿಗಿಂತ ನಿಮಗೆ ಮುಖ್ಯವಾದುದು ಸುಳಿ ಹಿಡಿಯುವ ದಾರಿ. ಜುಲೈ–ಆಗಸ್ಟ್‌ನ ಸುಳಿಗಳು ಸಾಮಾನ್ಯವಾಗಿ ಒಡಿಶಾ ಕಡೆ ದಡ ಹತ್ತಿ ಛತ್ತೀಸಗಡ, ಮಧ್ಯಪ್ರದೇಶಗಳ ಮೇಲೆ ವಾಯವ್ಯಕ್ಕೆ ಸಾಗುತ್ತವೆ. ಅವು ಅಷ್ಟು ದೂರದಲ್ಲಿದ್ದುಕೊಂಡೇ ಅರಬ್ಬಿ ಸಮುದ್ರದ ಗಾಳಿಯನ್ನು ತಮ್ಮತ್ತ ಸೆಳೆಯುವುದರಿಂದ ಮಹಾಬಳೇಶ್ವರ, ಆಂಬೋಲಿ, ಕಣಕುಂಬಿಗಳಲ್ಲಿ ಮಳೆ ಇಮ್ಮಡಿಯಾಗುತ್ತದೆ. ಇಂಡಿಗೆ ಸಿಗುವುದು ಅದೇ ಸೆಳೆತದ ಜೋರುಗಾಳಿ. ಟಿ.ವಿ.ಯಲ್ಲಿ ಕುಸಿತದ ಸುದ್ದಿ ಕೇಳಿ ಮೇಲುಗೊಬ್ಬರ ಹಾಕಿ ಕುಳಿತ ರೈತರು ಜುಲೈನಲ್ಲಿ ಮೋಸಹೋಗುವುದು ಹೀಗೆ.

ಸೆಪ್ಟೆಂಬರ್ ಕೊನೆಗೆ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದಾಗ ಸುಳಿಗಳೂ ಕೆಳಗಿಳಿದು ಆಂಧ್ರದ ದಡ ಹತ್ತಿ ತೆಲಂಗಾಣದ ಮೇಲೆ ನೇರ ಪಡುವಣಕ್ಕೆ ಬರಬಲ್ಲವು. ಆಗ ನಿಮ್ಮ ಊರು ಅವುಗಳ ದಾರಿಯಲ್ಲೇ ಇರುತ್ತದೆ. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡ ಬಳಿ ದಡ ಹತ್ತಿದ ತೀವ್ರ ವಾಯುಭಾರ ಕುಸಿತವನ್ನು ನೀವು ಮರೆತಿರಲಾರಿರಿ. ಹೈದರಾಬಾದನ್ನು ಮುಳುಗಿಸಿ, ಕಲಬುರಗಿ, ವಿಜಯಪುರ, ಸೊಲ್ಲಾಪುರಗಳ ಮೇಲೆ ಸುರಿದು, ದುರ್ಬಲವಾಗುತ್ತಲೇ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಭೀಮೆಯ ಪ್ರವಾಹ ಇಂಡಿ, ಸಿಂದಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನುಗ್ಗಿದ್ದು ಅದೇ ವಾರ. ಅದಕ್ಕೂ ಮುಂಚೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನಾಲ್ಕಾರು ದಿನಗಳಲ್ಲಿ ಇಂಥದೇ ದಾರಿಯ ಮಳೆ ಉತ್ತರ ಕರ್ನಾಟಕವನ್ನೆಲ್ಲ ಜಲಾವೃತಗೊಳಿಸಿತ್ತು.

ಇದನ್ನೇ ನದಿಗಳಿಂದಲೂ ಓದಬಹುದು. 2019ರ ಆಗಸ್ಟ್ ಮೊದಲ ವಾರದಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೆ ಉಕ್ಕಿ ಚಿಕ್ಕೋಡಿ, ಗೋಕಾಕ, ಮುಧೋಳ, ರಾಮದುರ್ಗಗಳು ಮುಳುಗಿದವು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂತು. ಆ ನೀರಿನ ಬಹುಪಾಲು ಘಟ್ಟದ ಮೇಲೆ ಬಿದ್ದದ್ದು; ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ಕೊಳ್ಳಗಳಿಂದ ಇಳಿದು ನಿಮ್ಮ ಜಿಲ್ಲೆಗೆ ಅತಿಥಿಯಾಗಿ ಬಂದದ್ದು. ಡೋಣಿಯ ಮಾತೇ ಬೇರೆ. ಮಹಾರಾಷ್ಟ್ರದ ಜತ್ತದ ಕಡೆ ಹುಟ್ಟಿ ವಿಜಯಪುರ ಜಿಲ್ಲೆಯ ನಡುವೆ ಹರಿದು ಕೃಷ್ಣೆ ಸೇರುವ ಆ ಹೊಳೆಗೆ ಘಟ್ಟದ ಒಂದು ಹನಿಯೂ ಸಿಗುವುದಿಲ್ಲ. ಡೋಣಿ ಬಂದು ತಾಳಿಕೋಟೆಯ ಸೇತುವೆ ಮುಳುಗಿತೆಂದರೆ ಅದು ಬಯಲುಸೀಮೆಯ ಸ್ವಂತ ಮಳೆ, ಬಹಳ ಸಲ ಸೆಪ್ಟೆಂಬರ್‌ನ ಮಳೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಮಾತಿನಲ್ಲಿ ಬಿಳಿಜೋಳದ ಹಿಂಗಾರಿಯೇ ಲೆಕ್ಕಕ್ಕಿರುವುದು; ಮುಂಗಾರಿ ಹೆಸರು, ಸಜ್ಜೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂಬ ಧೋರಣೆ ಹಿರಿಯರಿಗೆ ಎಲ್ಲಿಂದ ಬಂತೆಂದು ಈಗ ಬಿಡಿಸಿ ಹೇಳಬೇಕಿಲ್ಲ.

‘ವಾಡಿಕೆ’ಯ ವಿಷಯಕ್ಕೆ ಬರುತ್ತೇನೆ. ಜಿಲ್ಲೆಯ ಮಳೆ ದೀರ್ಘಕಾಲದ ಸರಾಸರಿಗಿಂತ ಶೇ. 19 ಹೆಚ್ಚಿದ್ದರೂ ಶೇ. 19 ಕಡಿಮೆಯಿದ್ದರೂ ಇಲಾಖೆ ಅದನ್ನು ವಾಡಿಕೆ ಎಂದೇ ಕರೆಯುತ್ತದೆ. ಸರಾಸರಿ 600 ಮಿಲಿಮೀಟರ್ ಎಂದು ಹಿಡಿದರೆ 486 ಬಿದ್ದರೂ ವಾಡಿಕೆ, 714 ಬಿದ್ದರೂ ವಾಡಿಕೆ. ಇನ್ನೊಂದು ಕಡೆಯಿಂದ ನೋಡಿ. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆದಿನ ಎನ್ನುತ್ತಾರೆ. ನಿಮ್ಮಲ್ಲಿ ವರ್ಷಕ್ಕೆ ಅಂಥವು ನಲವತ್ತರ ಆಸುಪಾಸು. ಒಂದೇ ದಿನ 64.5 ಮಿಲಿಮೀಟರ್ ಬಿದ್ದರೆ ಅದು ‘ಭಾರೀ ಮಳೆ’. ಅಂದರೆ ಒಂದು ಭಾರೀ ಮಳೆ ನಿಮ್ಮ ವರ್ಷದ ಹತ್ತನೇ ಒಂದು ಪಾಲನ್ನು ಒಂದೇ ದಿನ ಮುಗಿಸಿಬಿಡುತ್ತದೆ. ಇಂಥ ಎರಡು ಮೋಡ ನಿಮ್ಮ ತಾಲ್ಲೂಕಿನ ಮೇಲೆ ನಿಂತರೆ ವಾಡಿಕೆ, ಹತ್ತು ಕಿಲೋಮೀಟರ್ ಆಚೆ ಸರಿದರೆ ಕೊರತೆ. ದೇಶದ ಒಟ್ಟು ಮುಂಗಾರು ಸರಾಸರಿಯಿಂದ ಸಾಮಾನ್ಯವಾಗಿ ಶೇ. 10ರಷ್ಟು ಮಾತ್ರ ಆಚೀಚೆ ಆಗುತ್ತದೆ, ಏಕೆಂದರೆ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಹೆಚ್ಚಳ ಮುಚ್ಚುತ್ತದೆ. ಒಂಟಿ ಜಿಲ್ಲೆಗೆ ಆ ಅನುಕೂಲವಿಲ್ಲ, ವಿಜಯಪುರದಲ್ಲಿ ತೂಗಾಟ ಅದರ ಎರಡು-ಮೂರು ಪಟ್ಟು. ಈ ಏರುಪೇರು ಹೊಸದೂ ಅಲ್ಲ: 1876–78ರ ಮಹಾಕ್ಷಾಮ ಅಂದಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇಂದಿನ ಬಾಗಲಕೋಟೆ–ವಿಜಯಪುರಗಳನ್ನು, ಹಿಂಡಿಹಾಕಿದ್ದು ದಾಖಲೆಯಲ್ಲಿದೆ.

ನನ್ನನ್ನು ಕೇಳಿದರೆ ನಕ್ಷತ್ರಗಳ ಮೇಲೆ ಮಳೆಯನ್ನು ಎಣಿಸುವ ನಮ್ಮ ಹಳೆಯ ಪದ್ಧತಿ ವರ್ಷದ ಮೊತ್ತಕ್ಕಿಂತ ಉಪಯುಕ್ತ. ನಕ್ಷತ್ರ ಮಳೆ ತರುತ್ತದೆಂದು ಹೇಳುತ್ತಿಲ್ಲ. ಒಂದೊಂದು ನಕ್ಷತ್ರದಲ್ಲಿ ಸೂರ್ಯ ಇರುವುದು 13–14 ದಿನ. ಬೆಳೆಯ ಬಾಯಾರಿಕೆಯನ್ನು ಅಳೆಯಲು ಅದು ಸರಿಯಾದ ಗಾತ್ರದ ಪಾತ್ರೆ. ಹೆಸರು ಎರಡು ವಾರ ತಡೆಯಬಹುದು, ನಾಲ್ಕು ವಾರ ತಡೆಯಲಾರದು. ಆ ನಾಲ್ಕು ವಾರದ ಬಿಡುವು ಮೊತ್ತದಲ್ಲಿ ಎಲ್ಲೂ ಕಾಣುವುದಿಲ್ಲ. (ನಕ್ಷತ್ರದ ಪಂಚಾಂಗವೂ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಋತುವಿಗಿಂತ ಹಿಂದೆ ಬೀಳುತ್ತದೆ. ಗಾದೆಗಳ ಕಾಲದ ರೋಹಿಣಿ ಇಂದಿನ ರೋಹಿಣಿಗಿಂತ ಕೆಲ ದಿನ ಮುಂಚಿತವಾಗಿತ್ತು ಎಂಬುದನ್ನು ಗಾದೆ ಹೇಳುವವರು ಮರೆಯುತ್ತಾರೆ.)

ಬಿಡುವುಗಳಿಗೂ ಒಂದು ಲಯವಿದೆ. ಮುಂಗಾರಿನ ಮಳೆಯ ಪಟ್ಟಿ ಭೂಮಧ್ಯರೇಖೆಯ ಬಳಿ ಎದ್ದು ದಿನಕ್ಕೆ ಸುಮಾರು ಒಂದು ಅಕ್ಷಾಂಶದಂತೆ ಉತ್ತರಕ್ಕೆ ನಡೆಯುತ್ತದೆ, ನಿಮ್ಮ 17 ಡಿಗ್ರಿಯನ್ನು ದಾಟುವಾಗ ಮಳೆ ಕೊಡುತ್ತದೆ, ಹಿಮಾಲಯದ ತಪ್ಪಲಿಗೆ ಹೋಗಿ ಮುಗಿಯುತ್ತದೆ. ಮುಂದಿನ ಪಟ್ಟಿ ಬರಲು 30ರಿಂದ 60 ದಿನ ಬೇಕಾಗಬಹುದು. ಹವಾಮಾನ ಇಲಾಖೆ ಪ್ರತಿ ಗುರುವಾರ ಹೊರಡಿಸುವ ವಿಸ್ತೃತ ಅವಧಿಯ ಮುನ್ಸೂಚನೆ ಈ ನಡಿಗೆಯನ್ನೇ ನೆಚ್ಚಿಕೊಂಡದ್ದು. ಎರಡು ವಾರದ ಮಟ್ಟಿಗೆ ಅದನ್ನು ನಂಬಿ ಬಿತ್ತನೆ ಮುಂದೂಡುವುದರಲ್ಲಿ ತಪ್ಪಿಲ್ಲ. ನಾಳೆ ಸಂಜೆಯ ಗುಡುಗುಮೋಡ ಯಾರ ಹೊಲದ ಮೇಲೆ ಎಂಬುದನ್ನು ಮಾತ್ರ ಅದರಿಂದ ನಿರೀಕ್ಷಿಸಬಾರದು.

ಎಲ್ ನಿನೊ ಎಂದರೆ ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ಬಿಸಿಯಾಗುವುದು. ಆಗ ಮೋಡ ಏಳುವ ಜಾಗ ಅತ್ತ ಸರಿದು ಇತ್ತ ಗಾಳಿ ಇಳಿಮುಖವಾಗುತ್ತದೆ, ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುತ್ತದೆ. ಹೆಚ್ಚುತ್ತದೆ ಎಂದೆ, ಸೊರಗಿಯೇ ತೀರುತ್ತದೆ ಎನ್ನಲಿಲ್ಲ. 2023ರಲ್ಲಿ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚಿನ ಅತಿ ಒಣ ಆಗಸ್ಟ್ ಆಗಿ, ಕರ್ನಾಟಕದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಆದರೆ 1997ರ ಎಲ್ ನಿನೊ ಶತಮಾನದ ಪ್ರಬಲವಾದವುಗಳಲ್ಲಿ ಒಂದಾಗಿದ್ದರೂ ಆ ವರ್ಷ ದೇಶದ ಮುಂಗಾರು ಸರಾಸರಿಗೆ ಕಡಿಮೆಯಾಗಲಿಲ್ಲ. ನಿಮಗೆ ಇನ್ನೂ ಹತ್ತಿರದ ಉದಾಹರಣೆ 2009: ಎಲ್ ನಿನೊ ವರ್ಷ, ದೇಶಕ್ಕೆ ಶೇ. 22ರಷ್ಟು ಕೊರತೆ, 1972ರ ನಂತರದ ಅತಿ ದೊಡ್ಡ ಬರ. ಆ ವರ್ಷದ್ದೇ ನಾನು ಮೇಲೆ ಹೇಳಿದ ಉತ್ತರ ಕರ್ನಾಟಕದ ಪ್ರವಾಹ. ಎಲ್ ನಿನೊ ಇಡೀ ಹಂಗಾಮಿನ ಒಲವನ್ನು ಬದಲಿಸಬಲ್ಲದು; ಸೆಪ್ಟೆಂಬರ್ ಕೊನೆಗೆ ಆಂಧ್ರದ ದಡ ಹತ್ತುವ ಒಂದೇ ಒಂದು ಸುಳಿಯನ್ನು ತಡೆಯಲಾರದು. ನಿಮ್ಮ ವರ್ಷ ಆ ಒಂದು ಸುಳಿಯ ಮೇಲೆ ನಿಂತಿರುತ್ತದೆ.

ಭೂಮಿ ಬಿಸಿಯಾಗುತ್ತಿರುವುದರ ಪಾಲು ಇದರಲ್ಲಿ ಇದೆಯೇ ಎಂದು ನೀವು ಕೇಳಿಲ್ಲ, ಆದರೂ ಎರಡು ಮಾತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು, ಆದ್ದರಿಂದ ಮೋಡ ಸುರಿಯುವಾಗ ಹೆಚ್ಚು ಸುರಿಯುತ್ತದೆ. ಮಧ್ಯಭಾರತದಲ್ಲಿ ಅತಿ ಭಾರೀ ಮಳೆಯ ದಿನಗಳು ಹೆಚ್ಚಿರುವುದು ದಾಖಲಾಗಿದೆ. ಅದೇ ವೇಳೆ ಬಂಗಾಳಕೊಲ್ಲಿಯ ಮುಂಗಾರಿನ ವಾಯುಭಾರ ಕುಸಿತಗಳ ಸಂಖ್ಯೆ ಹಿಂದಿನ ದಶಕಗಳಿಗಿಂತ ಇಳಿದಿದೆ. ಇಷ್ಟು ತೂಗಾಡುವ ಒಂದೇ ಊರಿನ ಮಳೆಯಲ್ಲಿ ಎಂಟು ವರ್ಷದ ವಹಿಯಿಂದ ಇಂಥ ಬದಲಾವಣೆಯನ್ನು ತೋರಿಸಲು ಆಗುವುದಿಲ್ಲ. ಅದಕ್ಕೆ ನಲವತ್ತು-ಐವತ್ತು ವರ್ಷಗಳ ಸಾಲು ಬೇಕು.

ಹಾಗೆಂದು ವಹಿಯನ್ನು ಕೈಬಿಡಬೇಡಿ. ಡಬ್ಬಿಯ ಗೋಡೆ ನೆಟ್ಟಗಿದ್ದರೆ ಬಾಯಿಯ ಅಗಲ ಎಷ್ಟಿದ್ದರೂ ಅಡ್ಡಿಯಿಲ್ಲ, ಅಳತೆಪಟ್ಟಿಯಿಂದ ಅಳೆದ ಆಳವೇ ಮಿಲಿಮೀಟರ್. ಅದು ಬೇವಿನ ಮರದಡಿ ಇದೆಯೆಂದು ಬರೆದಿದ್ದೀರಿ. ನಿಮ್ಮ ಅಂಕಿ ತಾಳೆಯಾಗದಿರಲು ಎರಡನೆಯ ಕಾರಣ ಆ ಮರ: ಸಣ್ಣ ಮಳೆಯನ್ನು ಎಲೆಗಳೇ ಕುಡಿಯುತ್ತವೆ, ದೊಡ್ಡ ಮಳೆಯಲ್ಲಿ ಕೊಂಬೆಯ ತೊಟ್ಟಿಕ್ಕುವಿಕೆ ಸೇರಿಕೊಳ್ಳುತ್ತದೆ. ಮರದ ಎತ್ತರದ ಎರಡು ಪಟ್ಟಾದರೂ ದೂರಕ್ಕೆ, ಬಯಲಿಗೆ ಸರಿಸಿ, ಬಾಯಿ ನೆಲದಿಂದ ಒಂದಡಿ ಮೇಲಿರಲಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆಯಿರಿ, ದೇಶದ ಎಲ್ಲ ಕೇಂದ್ರಗಳ ಮಳೆದಿನ ಮುಗಿಯುವುದು ಆಗಲೇ. ನೀವು ರಾತ್ರಿ ಅಳೆದು ಬರೆದರೆ ಒಂದೇ ಮಳೆ ಇಬ್ಬರ ವಹಿಯಲ್ಲಿ ಎರಡು ಬೇರೆ ತಾರೀಖಿಗೆ ಬೀಳುತ್ತದೆ. ಹಳೆಯ ಜಾಗದಲ್ಲೂ ಅಂಥದೇ ಇನ್ನೊಂದು ಡಬ್ಬಿ ಈ ಹಂಗಾಮು ಮುಗಿಯುವವರೆಗೆ ಇರಲಿ. ಎರಡರ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದರೆ, ಹಿಂದಿನ ಎಂಟು ವರ್ಷಗಳನ್ನು ಎಷ್ಟು ತಿದ್ದಿಕೊಳ್ಳಬೇಕೆಂಬುದು ಸ್ವಾತಿ ಮಳೆಯ ಹೊತ್ತಿಗೆ ನಿಮಗೆ ತಿಳಿದಿರುತ್ತದೆ.